ಸ್ವಂತ ಹೆಸರಿನ ಚರ್ಮಲೇಪ ಉದ್ಯಮ: ಕನಿಷ್ಠ ಬೇಡಿಕೆಯ ಪ್ರಮಾಣವನ್ನು ನಿರ್ಧರಿಸುವ ಬಗೆ

ಪುಣೆ ನಗರದಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಪುರಂದರ ತಾಲ್ಲೂಕಿನಲ್ಲಿರುವ ಜೇಜುರಿಯು ಖಂಡೋಬಾ ದೇವರ ಪ್ರಸಿದ್ಧ ಕ್ಷೇತ್ರವಾಗಿದೆ. ಕನ್ನಡ ನಾಡಿನಲ್ಲಿ ಮೈಲಾರಲಿಂಗನೆಂದು ಪೂಜೆಗೊಳ್ಳುವ ದೈವವೇ ಮಹಾರಾಷ್ಟ್ರದಲ್ಲಿ ಖಂಡೋಬಾ ಎಂಬ ಹೆಸರಿನಿಂದ ಆರಾಧಿತನಾಗಿದ್ದಾನೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಹಾಗೂ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಗಳಲ್ಲಿ ಭಕ್ತರು ಹಣೆಗೆ ಹಚ್ಚಿಕೊಳ್ಳುವ ಭಂಡಾರವೇ ಜೇಜುರಿಯ ಗಡದ ಮೇಲೆ ಬೊಗಸೆ ಬೊಗಸೆಯಾಗಿ ತೂರಲ್ಪಡುತ್ತದೆ. ಮೆಟ್ಟಿಲು, ದೀಪಮಾಲೆ, ಪ್ರಾಕಾರಗಳೆಲ್ಲವೂ ಅರಿಶಿನದಿಂದ ಹೊಳೆಯುವ ಕಾರಣ ಈ ಊರಿಗೆ ‘ಚಿನ್ನದ ಜೇಜುರಿ’ ಎಂಬ ಹೆಸರು ಬಂದಿದೆ.

ಅರಿಶಿನವು ಪೂಜಾದ್ರವ್ಯವಾಗಿರುವಂತೆಯೇ ಮೈಗೆ ಹಚ್ಚುವ ಲೇಪವೂ ಆಗಿದೆ. ಮದುವೆಯ ಅರಿಶಿನಶಾಸ್ತ್ರದಿಂದ ಬಾಣಂತಿಯ ಎಣ್ಣೆನೀರಿನವರೆಗೆ ನಮ್ಮ ಮನೆಗಳಲ್ಲಿ ಅದರ ಬಳಕೆ ಇದೆ. ಆದುದರಿಂದ ಅರಿಶಿನದ ಕ್ರೀಮು ಅಥವಾ ಮುಖಲೇಪವನ್ನು ಸ್ವಂತ ಹೆಸರಿನಲ್ಲಿ ಮಾರಬೇಕೆಂಬ ಆಲೋಚನೆಯು ಇಂಥ ಯಾತ್ರಾಸ್ಥಳದ ಸಣ್ಣ ವ್ಯಾಪಾರಿಗಳಿಗೂ ಮಹಿಳಾ ಸ್ವಸಹಾಯ ಗುಂಪುಗಳಿಗೂ ಬರುವುದು ಸಹಜ. ಹಾಗೆ ಆಲೋಚಿಸಿದವರು ತಯಾರಕರನ್ನು ಭೇಟಿಯಾದಾಗ ಎದುರಾಗುವ ಮೊದಲ ಪ್ರಶ್ನೆಯೆಂದರೆ, “ಒಂದು ಸಲಕ್ಕೆ ಎಷ್ಟು ಸಾವಿರ ತೆಗೆದುಕೊಳ್ಳುತ್ತೀರಿ?” ಎಂಬುದು. ಈ ಪ್ರಶ್ನೆಗೆ ಲೆಕ್ಕವಿಲ್ಲದೆ ಉತ್ತರಿಸಿದವರ ಉಳಿತಾಯವು ಮಾರಾಟವಾಗದ ಪೆಟ್ಟಿಗೆಗಳ ರೂಪದಲ್ಲಿ ಮನೆಯ ಮೂಲೆ ಸೇರುವ ಅಪಾಯವಿದೆ. ಈ ಲೆಕ್ಕವನ್ನು ಮಾಡುವ ಕ್ರಮವನ್ನು ಸಾರ್ವಜನಿಕರಿಗೆ ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕನಿಷ್ಠ ಬೇಡಿಕೆಯ ಪ್ರಮಾಣ ಎಂದರೇನು?

ಪರವಾನಗಿ ಹೊಂದಿದ ಒಬ್ಬ ತಯಾರಕನು ಸರಕನ್ನು ತಯಾರಿಸಿ, ಅದನ್ನು ಇನ್ನೊಬ್ಬ ವ್ಯಾಪಾರಿಯ ಹೆಸರು ಮತ್ತು ಗುರುತಿನೊಡನೆ ಒದಗಿಸುವ ಪದ್ಧತಿಗೆ ವಾಣಿಜ್ಯ ಕ್ಷೇತ್ರದಲ್ಲಿ ‘ಪ್ರೈವೇಟ್ ಲೇಬಲ್’ ಎಂದು ಹೆಸರು. ಇಲ್ಲಿ ಕಾರ್ಖಾನೆ ಒಬ್ಬರದು, ಹೆಸರು ಮತ್ತೊಬ್ಬರದು. ಯಂತ್ರೋಪಕರಣಗಳಿಗೆ ಬಂಡವಾಳ ಹೂಡದೆ ವ್ಯಾಪಾರವನ್ನು ಆರಂಭಿಸಲು ಇದರಿಂದ ಅನುಕೂಲವಾಗುತ್ತದೆ. ತಯಾರಕನು ಒಂದು ಬಾರಿಗೆ ಒಪ್ಪಿಕೊಳ್ಳುವ ಅತಿ ಕಡಿಮೆ ಸಂಖ್ಯೆ ಅಥವಾ ತೂಕವೇ ಕನಿಷ್ಠ ಬೇಡಿಕೆಯ ಪ್ರಮಾಣ. ವ್ಯಾಪಾರಿಗಳು ಇದನ್ನು ‘ಎಂ.ಓ.ಕ್ಯೂ.’ ಎಂದು ಕರೆಯುತ್ತಾರೆ. ಈ ಪ್ರಮಾಣವನ್ನು ಯಾವ ಕಾನೂನೂ ಗೊತ್ತುಪಡಿಸಿಲ್ಲ. ಇದು ತಯಾರಕನ ಉಪಕರಣ, ಖರ್ಚು ಮತ್ತು ಅನುಕೂಲಗಳನ್ನು ಅವಲಂಬಿಸಿರುತ್ತದೆ. ಆದುದರಿಂದ ಒಬ್ಬರಿಂದ ಒಬ್ಬರಿಗೆ ಬೇರೆಯಾಗುತ್ತದೆ ಮತ್ತು ಮಾತುಕತೆಗೆ ಅವಕಾಶವಿರುತ್ತದೆ.

ತಯಾರಕರು ಈ ಮಿತಿಯನ್ನು ಹಾಕುವ ಕಾರಣಗಳು

ಮೊದಲನೆಯ ಕಾರಣವು ಮಿಶ್ರಣ ಪಾತ್ರೆಯ ಗಾತ್ರ. ಕ್ರೀಮು ತಯಾರಿಸುವಾಗ ಎಣ್ಣೆಯ ಅಂಶವನ್ನೂ ನೀರಿನ ಅಂಶವನ್ನೂ ಬೇರೆಬೇರೆಯಾಗಿ ಕಾಯಿಸಿ, ವೇಗವಾಗಿ ಕಲಕಿ ಒಂದುಗೂಡಿಸಲಾಗುತ್ತದೆ. ಕಲಕುವ ಅಲಗುಗಳು ದ್ರವದಲ್ಲಿ ಪೂರ್ತಿ ಮುಳುಗದಿದ್ದರೆ ಗಾಳಿ ಸೇರುತ್ತದೆ, ಎಣ್ಣೆ ಮತ್ತು ನೀರು ಸರಿಯಾಗಿ ಬೆರೆಯುವುದಿಲ್ಲ. ಉದಾಹರಣೆಗೆ, 100 ಕಿಲೋಗ್ರಾಂ ಹಿಡಿಯುವ ಪಾತ್ರೆಯಲ್ಲಿ ಕನಿಷ್ಠ 40 ಕಿಲೋಗ್ರಾಂ ಇಲ್ಲದೆ ಕಲಕುವುದು ಸಾಧ್ಯವಿಲ್ಲವೆಂದು ಇಟ್ಟುಕೊಳ್ಳೋಣ. 50 ಗ್ರಾಂ ತೂಕದ ಟ್ಯೂಬುಗಳ ಲೆಕ್ಕದಲ್ಲಿ ಅದು 800 ಟ್ಯೂಬುಗಳಾಯಿತು. ಅಂಥ ತಯಾರಕನು 200 ಟ್ಯೂಬು ಕೇಳಿದವರಿಗೆ ಒಲ್ಲೆನೆಂದರೆ ಅದು ಹಟಮಾರಿತನವಲ್ಲ. ಚಿಕ್ಕ ಪಾತ್ರೆಯುಳ್ಳ ಬೇರೆ ತಯಾರಕನನ್ನು ಹುಡುಕುವುದೇ ಇದಕ್ಕೆ ಪರಿಹಾರ.

ಎರಡನೆಯದು, ಪ್ರಮಾಣ ಎಷ್ಟೇ ಇರಲಿ ಬದಲಾಗದ ಖರ್ಚುಗಳು. ಕಚ್ಚಾ ಸಾಮಗ್ರಿಯನ್ನು ತೂಗುವುದು, ಯಂತ್ರವನ್ನು ಹೊಂದಿಸುವುದು, ಕೆಲಸ ಮುಗಿದ ಮೇಲೆ ಪಾತ್ರೆ ಕೊಳವೆಗಳನ್ನು ತೊಳೆದು ಶುದ್ಧಿಗೊಳಿಸುವುದು, ಪ್ರತಿ ತಂಡದ ಸರಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಇವೆಲ್ಲಕ್ಕೂ 500 ಟ್ಯೂಬಿಗೆ ತಗಲುವ ಶ್ರಮವೇ 5,000 ಟ್ಯೂಬಿಗೂ ಹೆಚ್ಚುಕಡಿಮೆ ತಗಲುತ್ತದೆ. ಅರಿಶಿನದ ವಿಷಯದಲ್ಲಿ ಈ ತೊಂದರೆ ಇನ್ನಷ್ಟು ಹೆಚ್ಚು. ಅದರ ಹಳದಿ ಬಣ್ಣವು ರಬ್ಬರಿನ ಬಳೆಗಳಿಗೂ ಕೊಳವೆಗಳಿಗೂ ಅಂಟಿಕೊಳ್ಳುವುದರಿಂದ, ಅದೇ ಯಂತ್ರದಲ್ಲಿ ಮರುದಿನ ಬಿಳಿಯ ಕ್ರೀಮು ತಯಾರಿಸಬೇಕಾದರೆ ಶುದ್ಧೀಕರಣಕ್ಕೆ ಬಹಳ ಸಮಯ ಬೇಕಾಗುತ್ತದೆ.

ಮೂರನೆಯದು, ಹೊರಹೊದಿಕೆ. ಹೊಸಬರು ಬಹುಮಟ್ಟಿಗೆ ಎಡವುವುದು ಇಲ್ಲಿಯೇ. ಕ್ರೀಮು ತಯಾರಕನು 1,000 ಟ್ಯೂಬುಗಳಿಗೆ ಒಪ್ಪಿದರೂ, ಟ್ಯೂಬಿನ ಮೇಲೆ ಹೆಸರನ್ನು ಮುದ್ರಿಸಿಕೊಡುವ ಕಾರ್ಖಾನೆಯು 5,000ಕ್ಕಿಂತ ಕಡಿಮೆ ಮುದ್ರಿಸಲಾರೆನೆನ್ನಬಹುದು. ರಟ್ಟಿನ ಪೆಟ್ಟಿಗೆಯ ಮುದ್ರಕನು 3,000 ಎನ್ನಬಹುದು. ಆಗ ಕೊಳ್ಳುವವನ ಪಾಲಿಗೆ ನಿಜವಾದ ಕನಿಷ್ಠ ಪ್ರಮಾಣವು 1,000 ಆಗಿರದೆ, ಈ ಮೂರರಲ್ಲಿ ದೊಡ್ಡದಾದ 5,000 ಆಗುತ್ತದೆ. ಉಳಿಯುವ 4,000 ಖಾಲಿ ಟ್ಯೂಬುಗಳ ಮೇಲೆ ತಯಾರಕನ ಹೆಸರು, ವಿಳಾಸ ಹಾಗೂ ಪರವಾನಗಿ ಸಂಖ್ಯೆ ಮುದ್ರಿತವಾಗಿರುವ ಕಾರಣ, ತಯಾರಕನನ್ನು ಬದಲಿಸಿದ ದಿನವೇ ಅವು ನಿರುಪಯುಕ್ತವಾಗುತ್ತವೆ. ಮೊದಲ ವರ್ಷ ಸಾದಾ ಟ್ಯೂಬು ಅಥವಾ ಸೀಸೆಯನ್ನು ಕೊಂಡು ಮುದ್ರಿತ ಚೀಟಿಯನ್ನು ಅಂಟಿಸುವುದು ಇದಕ್ಕೆ ಸುಲಭ ಉಪಾಯ. ತಂಡದ ಸಂಖ್ಯೆ, ದಿನಾಂಕ ಮತ್ತು ಬೆಲೆಗಳನ್ನು ತುಂಬುವ ವೇಳೆಯಲ್ಲಿ ಮುದ್ರಿಸಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯದಾಗಿ, ಸೂತ್ರದ ಸ್ವರೂಪವೂ ಮುಖ್ಯವಾಗುತ್ತದೆ. ತಯಾರಕನ ಬಳಿ ಈಗಾಗಲೇ ಸಿದ್ಧವಿರುವ ಸೂತ್ರದ ಕ್ರೀಮಿಗೆ ತನ್ನ ಹೆಸರನ್ನಷ್ಟೇ ಹಾಕಿಸಿಕೊಂಡರೆ ಕನಿಷ್ಠ ಪ್ರಮಾಣವು ಕಡಿಮೆ ಇರುತ್ತದೆ. ಪರಿಮಳ ಅಥವಾ ಬಣ್ಣವನ್ನು ಬದಲಿಸಬೇಕೆಂದರೆ ಅದು ಏರುತ್ತದೆ. ಸಂಪೂರ್ಣ ಹೊಸ ಸೂತ್ರ ಬೇಕೆಂದರೆ ಪ್ರಯೋಗ, ಚರ್ಮದ ಮೇಲಿನ ಸುರಕ್ಷತೆಯ ಪರೀಕ್ಷೆ, ಬಿಸಿಲು ಸೆಕೆಗಳನ್ನು ತಾಳುವುದೇ ಎಂಬ ಪರೀಕ್ಷೆ ಇವಕ್ಕೆ ತಿಂಗಳುಗಳೇ ಬೇಕಾಗುತ್ತವೆ. ವಿಶೇಷ ಕಚ್ಚಾ ಸಾಮಗ್ರಿಯು ಮಾರುಕಟ್ಟೆಯಲ್ಲಿ 25 ಕಿಲೋಗ್ರಾಂ ಡಬ್ಬಿಯಲ್ಲಿ ಮಾತ್ರ ಸಿಗುವಂತಿದ್ದರೆ, ಒಂದು ಕಿಲೋಗ್ರಾಂ ಬೇಕಾದವರೂ ಇಡೀ ಡಬ್ಬಿಯ ಬೆಲೆಯನ್ನು ತೆರಬೇಕಾಗಬಹುದು.

ಅಗ್ಗದ ದರದ ಆಕರ್ಷಣೆ: ಒಂದು ಉದಾಹರಣೆ

ಜೇಜುರಿಯ ಒಂದು ಮಹಿಳಾ ಗುಂಪು 50 ಗ್ರಾಂ ತೂಕದ ಅರಿಶಿನ ಕ್ರೀಮನ್ನು ತನ್ನ ಹೆಸರಿನಲ್ಲಿ ಮಾರಲು ನಿರ್ಧರಿಸಿದೆ ಎಂದು ಭಾವಿಸೋಣ. ಇಲ್ಲಿ ನೀಡಿರುವ ಅಂಕಿಗಳು ಲೆಕ್ಕದ ಕ್ರಮವನ್ನು ವಿವರಿಸುವ ಸಲುವಾಗಿ ಕಲ್ಪಿಸಿಕೊಂಡವು. ತೆರಿಗೆ ಮತ್ತು ಸಾಗಾಣಿಕೆ ವೆಚ್ಚಗಳನ್ನು ಇವುಗಳಲ್ಲಿ ಸೇರಿಸಿಲ್ಲ. ಪ್ರತಿ ತಂಡಕ್ಕೆ ಪರೀಕ್ಷೆ, ಶುದ್ಧೀಕರಣ ಮತ್ತು ಯಂತ್ರ ಹೊಂದಿಸುವಿಕೆಗಾಗಿ ಒಟ್ಟು 15,000 ರೂಪಾಯಿ ಖರ್ಚು. ಇದಲ್ಲದೆ ಪ್ರತಿ ಟ್ಯೂಬಿನ ಕ್ರೀಮು ಹಾಗೂ ಹೊದಿಕೆಗೆ 32 ರೂಪಾಯಿ.

500 ಟ್ಯೂಬುಗಳನ್ನು ತೆಗೆದುಕೊಂಡರೆ 15,000 ರೂಪಾಯಿಯ ಹಂಚಿಕೆಯು ಪ್ರತಿ ಟ್ಯೂಬಿಗೆ 30 ರೂಪಾಯಿ ಆಗಿ, ಒಂದರ ದರ 62 ರೂಪಾಯಿ ಬೀಳುತ್ತದೆ. ಒಟ್ಟು ಹೂಡಿಕೆ 31,000 ರೂಪಾಯಿ. 1,000 ಟ್ಯೂಬುಗಳಾದರೆ ದರ 47 ರೂಪಾಯಿ. ಹೂಡಿಕೆ 47,000 ರೂಪಾಯಿ. 5,000 ಟ್ಯೂಬುಗಳಾದರೆ ದರ 35 ರೂಪಾಯಿಗೆ ಇಳಿಯುತ್ತದೆ. ಆದರೆ ಹೂಡಿಕೆ 1,75,000 ರೂಪಾಯಿಗೆ ಏರುತ್ತದೆ. 62 ರೂಪಾಯಿಯ ವಸ್ತು 35 ರೂಪಾಯಿಗೆ ಸಿಗುವುದೆಂದರೆ ಯಾರಿಗಾದರೂ ಆಸೆಯಾಗುವುದು ಸಹಜ.

ಈಗ ಮಾರಾಟದ ವೇಗವನ್ನು ಪರಿಶೀಲಿಸೋಣ. ವರ್ಷವಿಡೀ ಸರಾಸರಿ ತೆಗೆದರೆ ಗುಂಪು ತಿಂಗಳಿಗೆ 60 ಟ್ಯೂಬುಗಳನ್ನು ಮಾರಬಲ್ಲದು ಎಂದಿಟ್ಟುಕೊಳ್ಳೋಣ. ಕ್ರೀಮಿನ ಬಾಳಿಕೆ ತಯಾರಿಕೆಯ ದಿನದಿಂದ 24 ತಿಂಗಳು. ಪರೀಕ್ಷೆ, ಸಾಗಾಣಿಕೆ ಮುಗಿದು ಸರಕು ಅಂಗಡಿಯನ್ನು ತಲಪುವಷ್ಟರಲ್ಲಿ 2 ತಿಂಗಳು ಕಳೆದಿರುತ್ತದೆ. ಕೊನೆಯ 6 ತಿಂಗಳ ಸರಕನ್ನು ಅಂಗಡಿಯವರು ಮುಟ್ಟುವುದಿಲ್ಲ. ಗಿರಾಕಿಗಳೂ ದಿನಾಂಕ ನೋಡಿ ಹಿಂದಿರುಗಿಸುತ್ತಾರೆ. ಆದುದರಿಂದ ಮಾರಾಟಕ್ಕೆ ಸಿಗುವ ಅವಧಿ 16 ತಿಂಗಳು ಮಾತ್ರ. ತಿಂಗಳಿಗೆ 60ರಂತೆ 16 ತಿಂಗಳಲ್ಲಿ 960 ಟ್ಯೂಬುಗಳು ಮಾರಾಟವಾಗುತ್ತವೆ.

5,000 ಟ್ಯೂಬು ಕೊಂಡ ಗುಂಪಿನ ಬಳಿ 4,040 ಟ್ಯೂಬುಗಳು ಹಾಗೆಯೇ ಉಳಿಯುತ್ತವೆ. ಹೂಡಿದ 1,75,000 ರೂಪಾಯಿಯನ್ನು ಮಾರಾಟವಾದ 960 ಟ್ಯೂಬುಗಳಿಗೆ ಹಂಚಿದರೆ ಒಂದರ ನಿಜವಾದ ದರ ಸುಮಾರು 182 ರೂಪಾಯಿ ಆಗುತ್ತದೆ. 1,000 ಟ್ಯೂಬು ಕೊಂಡವರಿಗೆ 40 ಉಳಿದರೂ ನಿಜವಾದ ದರ ಸುಮಾರು 49 ರೂಪಾಯಿಯಷ್ಟೇ. ಕಾಗದದ ಮೇಲೆ 35 ರೂಪಾಯಿಯಿದ್ದ ಟ್ಯೂಬು ಎಲ್ಲಕ್ಕಿಂತ ದುಬಾರಿಯಾದುದನ್ನು ಓದುಗರು ಗಮನಿಸಬೇಕು.

ಇನ್ನೊಂದು ಬಗೆಯಿಂದಲೂ ಇದನ್ನು ನೋಡಬಹುದು. ಗುಂಪಿಗೆ ಪ್ರತಿ ಟ್ಯೂಬಿನಿಂದ 90 ರೂಪಾಯಿ ಕೈಗೆ ಬರುತ್ತದೆಂದು ಭಾವಿಸಿದರೆ, 500ರ ಬೇಡಿಕೆಯಲ್ಲಿ 345 ಟ್ಯೂಬುಗಳು ಮಾರಾಟವಾದಾಗ, ಎಂದರೆ ಸುಮಾರು 6 ತಿಂಗಳಲ್ಲಿ, ಅಸಲು ಹಿಂದಿರುಗುತ್ತದೆ. 1,000ದ ಬೇಡಿಕೆಯಲ್ಲಿ 523 ಟ್ಯೂಬುಗಳು ಹೋದಾಗ, ಸುಮಾರು 9 ತಿಂಗಳಲ್ಲಿ, ಅಸಲು ಬರುತ್ತದೆ. 5,000ದ ಬೇಡಿಕೆಯಲ್ಲಿ ಅಸಲು ಬರಲು 1,945 ಟ್ಯೂಬುಗಳು ಮಾರಾಟವಾಗಬೇಕು. ಅದಕ್ಕೆ ಬೇಕಾಗುವ ಕಾಲ 32 ತಿಂಗಳಿಗೂ ಹೆಚ್ಚು. ಕ್ರೀಮಿನ ಬಾಳಿಕೆಯೇ 24 ತಿಂಗಳು. ಅಂದರೆ ಈ ವ್ಯಾಪಾರದಲ್ಲಿ ಅಸಲು ಕೈಸೇರುವ ಮೊದಲೇ ಸರಕು ಸಾಯುತ್ತದೆ. ಅದು ಸಾಲದ ಹಣವಾಗಿದ್ದರೆ ಕಂತು ಮತ್ತು ಬಡ್ಡಿಗಳು ಮಾತ್ರ ನಿಲ್ಲುವುದಿಲ್ಲ.

ಹೀಗಾಗಿ ತಯಾರಕನ ಬಳಿ ಹೋಗುವ ಮುನ್ನ ಮಾಡಬೇಕಾದ ಲೆಕ್ಕ ಸರಳವಾಗಿದೆ. ಬಾಳಿಕೆಯ ಒಟ್ಟು ತಿಂಗಳುಗಳಿಂದ, ಸರಕು ಕೈಸೇರುವಷ್ಟರಲ್ಲಿ ಕಳೆದುಹೋಗುವ ತಿಂಗಳುಗಳನ್ನೂ ಅಂಗಡಿಯವರು ಒಪ್ಪದ ಕೊನೆಯ ತಿಂಗಳುಗಳನ್ನೂ ಕಳೆಯಬೇಕು. ಉಳಿದುದನ್ನು ತಿಂಗಳ ಸರಾಸರಿ ಮಾರಾಟದಿಂದ ಗುಣಿಸಬೇಕು. ಬರುವ ಮೊತ್ತವೇ ಕೊಳ್ಳಬಹುದಾದ ಗರಿಷ್ಠ ಸಂಖ್ಯೆ. ತಯಾರಕನ ಕನಿಷ್ಠವು ಈ ಗರಿಷ್ಠಕ್ಕಿಂತ ಗಣನೀಯವಾಗಿ ಹೆಚ್ಚಾಗಿದ್ದರೆ, ದರವು ಎಷ್ಟೇ ಅಗ್ಗವಾಗಿರಲಿ, ಆ ಬೇಡಿಕೆಯನ್ನು ನೀಡಬಾರದು.

ಜಾತ್ರೆಯ ಮಾರಾಟ ಮತ್ತು ವರ್ಷದ ಸರಾಸರಿ

ತಿಂಗಳ ಸರಾಸರಿಯನ್ನು ತೆಗೆಯುವಾಗ ಯಾತ್ರಾಸ್ಥಳದ ವ್ಯಾಪಾರಿಗಳು ವಿಶೇಷ ಎಚ್ಚರ ವಹಿಸಬೇಕು. ಮಾರ್ಗಶಿರ ಶುದ್ಧ ಷಷ್ಠಿಯ ಚಂಪಾಷಷ್ಠಿಯಂದು ಜೇಜುರಿಯಲ್ಲಿ ಜನಸಾಗರವೇ ನೆರೆಯುತ್ತದೆ. ಸೋಮವಾರದಂದು ಅಮಾವಾಸ್ಯೆ ಕೂಡಿಬಂದಾಗ ದೇವರ ಪಲ್ಲಕ್ಕಿಯು ಕರ್ಹಾ ನದಿಗೆ ಸ್ನಾನಕ್ಕಾಗಿ ತೆರಳುತ್ತದೆ. ಅಂದೂ ಭಾರಿ ಜನಸಂದಣಿ ಇರುತ್ತದೆ. ಆದರೆ ಸೋಮವತಿ ಅಮಾವಾಸ್ಯೆಯು ವರ್ಷದಲ್ಲಿ ಕೆಲವು ಬಾರಿ ಮಾತ್ರ ಬರುವಂಥದು. ಜಾತ್ರೆಯ ಎರಡು ದಿನಗಳಲ್ಲಿ 200 ಟ್ಯೂಬು ಮಾರಿದವರು ತಿಂಗಳಿಗೆ 3,000 ಮಾರಬಹುದೆಂದು ಎಣಿಸಿದರೆ ಆ ಎಣಿಕೆ ಮಳೆಗಾಲದ ಸಾಮಾನ್ಯ ವಾರದಲ್ಲಿ ಸುಳ್ಳಾಗುತ್ತದೆ. ಇಡೀ ವರ್ಷದ ಮಾರಾಟವನ್ನು ಹನ್ನೆರಡರಿಂದ ಭಾಗಿಸುವುದೇ ಸರಿಯಾದ ಕ್ರಮ. ಹಳೆಯ ಲೆಕ್ಕವಿಲ್ಲದ ಹೊಸಬರು ನೆರೆಯ ಅಂಗಡಿಗಳಲ್ಲಿ ಅದೇ ಬಗೆಯ ಸರಕು ಸಾಮಾನ್ಯ ತಿಂಗಳಲ್ಲಿ ಎಷ್ಟು ಹೋಗುತ್ತದೆಂದು ವಿಚಾರಿಸಿ, ಅದರ ಅರ್ಧವನ್ನಷ್ಟೇ ತಮ್ಮ ಪಾಲೆಂದು ಎಣಿಸುವುದು ಕ್ಷೇಮಕರ.

ಸರಕು ಕೈಸೇರುವ ದಿನವೂ ಮುಖ್ಯ. ಚಂಪಾಷಷ್ಠಿಯ ಮರುವಾರ ಬಂದ ಸರಕು ತನ್ನ ಮೊದಲ ದೊಡ್ಡ ಜಾತ್ರೆಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಬಾಳಿಕೆಯ ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ.

ಭಂಡಾರವು ಕ್ರೀಮಿಗೆ ಕಚ್ಚಾ ಸಾಮಗ್ರಿಯಲ್ಲ

ಊರಿನಲ್ಲಿ ಯಥೇಚ್ಛವಾಗಿ ಸಿಗುವ ಭಂಡಾರವನ್ನೇ ತಯಾರಕನಿಗೆ ಕೊಟ್ಟು ಕ್ರೀಮು ಮಾಡಿಸಿದರೆ ಖರ್ಚು ಕಡಿಮೆಯಾಗುವುದೆಂದು ಕೆಲವರು ಭಾವಿಸಬಹುದು. ಇದು ಸರಿಯಲ್ಲ. ಪೂಜೆಗೆಂದು ಮಾರುವ ಹಳದಿ ಪುಡಿಯೆಲ್ಲವೂ ಶುದ್ಧ ಅರಿಶಿನವಾಗಿರುವುದಿಲ್ಲ. ಮೆಟಾನಿಲ್ ಯೆಲ್ಲೋ ಎಂಬ ಬಟ್ಟೆಯ ಬಣ್ಣವು ಅರಿಶಿನದ ಕಲಬೆರಕೆಯಲ್ಲಿ ಕಂಡುಬರುವ ವಸ್ತು. ಆಹಾರದಲ್ಲಿ ಇದರ ಬಳಕೆಗೆ ಅನುಮತಿಯಿಲ್ಲ. ಶುದ್ಧ ಅರಿಶಿನದ ಪುಡಿಯಲ್ಲಿಯೂ ನೆಲ, ಕಣಗಳಿಂದ ಬಂದ ಸೂಕ್ಷ್ಮಜೀವಿಗಳಿರಬಹುದು. ನೀರಿನಂಶವುಳ್ಳ ಕ್ರೀಮಿನಲ್ಲಿ ಅವು ವೃದ್ಧಿಯಾಗುತ್ತವೆ. ಆದಕಾರಣ ತಯಾರಕರು ಪರೀಕ್ಷಿಸಲ್ಪಟ್ಟ ಅರಿಶಿನದ ಸಾರ ಅಥವಾ ತೈಲವನ್ನು, ವಿಶ್ಲೇಷಣಾ ಪ್ರಮಾಣಪತ್ರದೊಡನೆ ಕೊಳ್ಳುತ್ತಾರೆ.

ಅರಿಶಿನದ ವರ್ಣದ್ರವ್ಯವಾದ ಕರ್ಕ್ಯುಮಿನ್ ಬೆಳಕಿಗೆ ಮಾಸುತ್ತದೆ, ಕ್ಷಾರದಲ್ಲಿ ಬಣ್ಣಗೆಟ್ಟು ವಿಭಜನೆಯಾಗುತ್ತದೆ. ಪಾರದರ್ಶಕ ಡಬ್ಬಿಯಲ್ಲಿ ಬಿಸಿಲಿನ ಅಂಗಡಿಗಟ್ಟೆಯ ಮೇಲಿಟ್ಟ ಅರಿಶಿನ ಕ್ರೀಮು ನಮೂದಿತ ದಿನಾಂಕಕ್ಕಿಂತ ಮೊದಲೇ ಕಳೆಗುಂದಬಹುದು. ಬೆಳಕು ಹಾಯದ ಟ್ಯೂಬನ್ನು ಆರಿಸುವುದರಿಂದ ಬಾಳಿಕೆಯನ್ನು ಕಾಪಾಡಿಕೊಳ್ಳಬಹುದು. ಬಾಳಿಕೆಯು ಕುಗ್ಗಿದಂತೆ ಕೊಳ್ಳಬಹುದಾದ ಗರಿಷ್ಠ ಸಂಖ್ಯೆಯೂ ಕುಗ್ಗುತ್ತದೆ ಎಂಬುದನ್ನು ಮರೆಯಬಾರದು.

ಕಾನೂನಿನ ಕಟ್ಟುಪಾಡುಗಳು

ಶುಚಿತ್ವ, ಸೌಂದರ್ಯ ಅಥವಾ ರೂಪದ ಬದಲಾವಣೆಗಾಗಿ ಮಾನವ ದೇಹಕ್ಕೆ ಹಚ್ಚುವ, ಸುರಿಯುವ, ಉದುರಿಸುವ, ಸಿಂಪಡಿಸುವ ವಸ್ತುಗಳನ್ನು 1940ರ ಔಷಧ ಮತ್ತು ಕಾಂತಿವರ್ಧಕ ಅಧಿನಿಯಮವು ಕಾಂತಿವರ್ಧಕಗಳೆಂದು ಪರಿಗಣಿಸುತ್ತದೆ. ಇವುಗಳನ್ನು ಪರವಾನಗಿ ಇಲ್ಲದೆ ಮಾರಾಟಕ್ಕಾಗಿ ತಯಾರಿಸುವಂತಿಲ್ಲ. ಕನಿಷ್ಠ ಪ್ರಮಾಣದ ತೊಂದರೆಯೇ ಬೇಡವೆಂದು ಮನೆಯಲ್ಲಿಯೇ ಕ್ರೀಮು ತಯಾರಿಸಿ ಡಬ್ಬಿಗೆ ತುಂಬಿ ಮಾರುವುದು ಆದುದರಿಂದ ಕಾನೂನುಬಾಹಿರವಾಗುತ್ತದೆ. 2020ರ ಡಿಸೆಂಬರ್‌ನಲ್ಲಿ ಹೊರಡಿಸಲಾದ ಕಾಂತಿವರ್ಧಕ ನಿಯಮಾವಳಿಯಂತೆ ತಯಾರಿಕೆಯ ಪರವಾನಗಿಯನ್ನು ರಾಜ್ಯದ ಪರವಾನಗಿ ಪ್ರಾಧಿಕಾರವು ಸಿ.ಓ.ಎಸ್.-8 ನಮೂನೆಯಲ್ಲಿ ನೀಡುತ್ತದೆ. ಬೇರೊಬ್ಬ ಪರವಾನಗಿದಾರನ ಕಾರ್ಖಾನೆಯನ್ನು ಬಳಸಿಕೊಂಡು ತಾನೇ ತಯಾರಕನೆಂಬ ಹೊಣೆಯನ್ನು ಹೊರಲು ಇಚ್ಛಿಸುವವರಿಗೆ ‘ಲೋನ್ ಲೈಸೆನ್ಸ್’ ಎಂಬ ಸೌಲಭ್ಯವಿದ್ದು, ಅದು ಸಿ.ಓ.ಎಸ್.-9 ನಮೂನೆಯಲ್ಲಿ ದೊರೆಯುತ್ತದೆ. ತಯಾರಕನ ಪರವಾನಗಿಯಡಿಯಲ್ಲಿಯೇ ತಯಾರಿಸಿ ಮಾರಾಟಗಾರನೆಂದು ತನ್ನ ಹೆಸರನ್ನು ಹಾಕಿಸಿಕೊಳ್ಳುವವರು, ಆ ಪರವಾನಗಿಯ ಪ್ರತಿಯನ್ನು ಪಡೆದು, ತಮಗೆ ಬೇಕಾದ ಬಗೆಯ ಉತ್ಪನ್ನವು ಅದರಲ್ಲಿ ಸೇರಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಚೀಟಿಯ ಮೇಲೆ ಉತ್ಪನ್ನದ ಹೆಸರು, ತಯಾರಕನ ಹೆಸರು ಮತ್ತು ತಯಾರಿಕಾ ಸ್ಥಳದ ವಿಳಾಸ, ತಂಡದ ಸಂಖ್ಯೆ, ಪರವಾನಗಿ ಸಂಖ್ಯೆ, ಬಳಸಬೇಕಾದ ಕೊನೆಯ ತಿಂಗಳು ಮತ್ತು ವರ್ಷ, ಘಟಕ ದ್ರವ್ಯಗಳ ಪಟ್ಟಿ ಮುಂತಾದವು ನಿಯಮಾನುಸಾರ ಇರಬೇಕು. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳಂತೆ ನಿವ್ವಳ ಪ್ರಮಾಣ, ಎಲ್ಲ ತೆರಿಗೆಗಳನ್ನೂ ಒಳಗೊಂಡ ಗರಿಷ್ಠ ಚಿಲ್ಲರೆ ಬೆಲೆ, ಗ್ರಾಹಕರು ದೂರು ಸಲ್ಲಿಸಬೇಕಾದ ವಿಳಾಸ ಇವೂ ಅಗತ್ಯ. ಚರ್ಮಕ್ಕೆ ಹಚ್ಚುವ ಕ್ರೀಮುಗಳಿಗೆ ಭಾರತೀಯ ಮಾನಕ ಬ್ಯೂರೋ ಐ.ಎಸ್. 6608 ಎಂಬ ಮಾನಕವನ್ನು ರೂಪಿಸಿದೆ.

ಕಾಂತಿವರ್ಧಕದ ಪರವಾನಗಿಯಲ್ಲಿ ತಯಾರಾದ ವಸ್ತುವಿಗೆ ರೋಗ ಗುಣಪಡಿಸುವ ಶಕ್ತಿಯಿದೆಯೆಂದು ಬರೆಯಬಾರದು. ಆಯುರ್ವೇದ ಔಷಧವಾಗಿ ಮಾರಬೇಕಾದರೆ ಬೇರೆಯದೇ ಪರವಾನಗಿ ಬೇಕು. ಅರಿಶಿನದ ಕ್ರೀಮು ಯಾವ ವರ್ಗಕ್ಕೆ ಸೇರುತ್ತದೆ ಎಂಬುದು ಸಣ್ಣ ವಿಷಯವಲ್ಲ. ವಿಕೋ ಲ್ಯಾಬೊರೇಟರೀಸ್ ಸಂಸ್ಥೆಯ ಅರಿಶಿನ ಕ್ರೀಮು ಔಷಧವೋ ಕಾಂತಿವರ್ಧಕವೋ ಎಂಬ ಅಬಕಾರಿ ಸುಂಕದ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2004ರಲ್ಲಿ ಅದು ಔಷಧವೆಂದು ತೀರ್ಮಾನವಾಯಿತು. ಸಾವಿರಾರು ಟ್ಯೂಬುಗಳ ಮೇಲೆ ತಪ್ಪು ಬರಹವನ್ನು ಮುದ್ರಿಸಿದ ಬಳಿಕ ತಿದ್ದುವುದು ದುಬಾರಿ. ಆದುದರಿಂದ ವರ್ಗವನ್ನು ಮುದ್ರಣಕ್ಕೆ ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಹೆಸರಿನ ಆಯ್ಕೆಯಲ್ಲೂ ಇದೇ ಮಾತು ಅನ್ವಯಿಸುತ್ತದೆ. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಂತೆ ಧಾರ್ಮಿಕ ಭಾವನೆಗೆ ನೋವುಂಟುಮಾಡಬಹುದಾದ ಚಿಹ್ನೆಗಳ ನೋಂದಣಿಗೆ ಅವಕಾಶವಿಲ್ಲ. ದೇವರ ಹೆಸರನ್ನೂ ಚಿತ್ರವನ್ನೂ ಬಳಸಿ, ಖಾಲಿಯಾದ ಟ್ಯೂಬು ಕಸದ ತೊಟ್ಟಿ ಸೇರುವಂತೆ ಮಾಡುವುದಕ್ಕಿಂತ ಬೇರೆ ಹೆಸರನ್ನು ಆರಿಸುವುದು ವಿವೇಕದ ಮಾರ್ಗ. ಸಾಂಗ್ಲಿಯ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದರಿಂದ, ಬೇರೆಡೆಯ ಅರಿಶಿನವನ್ನು ಬಳಸಿ ಆ ಹೆಸರನ್ನು ಹಾಕುವಂತಿಲ್ಲ.

ಹೆಸರಿನೊಡನೆ ಬರುವ ಹೊಣೆ

“ತಯಾರಿಸಿದವರು ಬೇರೆಯವರು, ನಮಗೇನು?” ಎಂಬ ಭಾವನೆಯು ಅಪಾಯಕಾರಿ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು, ಬೇರೊಬ್ಬರು ತಯಾರಿಸಿದ ಉತ್ಪನ್ನದ ಮೇಲೆ ತನ್ನ ಗುರುತನ್ನು ಹಾಕುವ ಅಥವಾ ಹಾಕಿಸುವ ವ್ಯಕ್ತಿಯನ್ನೂ ಉತ್ಪನ್ನ ತಯಾರಕನ ವ್ಯಾಖ್ಯೆಯಲ್ಲಿ ಸೇರಿಸಿದೆ. ದೋಷಪೂರಿತ ಕ್ರೀಮಿನಿಂದ ಒಬ್ಬರ ಮುಖದ ಚರ್ಮಕ್ಕೆ ಹಾನಿಯಾದರೆ, ಟ್ಯೂಬಿನ ಮೇಲೆ ಹೆಸರಿರುವ ಗುಂಪೂ ಪರಿಹಾರದ ಹೊಣೆಗೆ ಒಳಗಾಗಬಹುದು. ತಂಡದ ಗಾತ್ರ ಹೆಚ್ಚಿದಷ್ಟೂ ಈ ಹೊಣೆಯ ಗಾತ್ರವೂ ಹೆಚ್ಚುತ್ತದೆ. 500 ಟ್ಯೂಬುಗಳನ್ನು ಮಾರುಕಟ್ಟೆಯಿಂದ ಹಿಂಪಡೆಯುವುದು ಕಷ್ಟಸಾಧ್ಯ. 5,000 ಟ್ಯೂಬುಗಳನ್ನು, ಅದರಲ್ಲೂ ಊರೂರುಗಳಿಂದ ಬಂದು ಹೋದ ಯಾತ್ರಿಕರಿಂದ ಹಿಂಪಡೆಯುವುದು ಅಸಾಧ್ಯವೆಂದೇ ಹೇಳಬೇಕು. ಮೊದಲ ತಂಡವನ್ನು ಚಿಕ್ಕದಾಗಿ ಇಟ್ಟುಕೊಳ್ಳಲು ಇದೂ ಒಂದು ಬಲವಾದ ಕಾರಣ.

ಪ್ರಮಾಣವನ್ನು ಇಳಿಸಿಕೊಳ್ಳುವ ಮಾರ್ಗಗಳು

ತಯಾರಕನು ಹೇಳಿದ ಸಂಖ್ಯೆಯು ಹೆಚ್ಚೆನಿಸಿದಾಗ ಈ ಕೆಳಗಿನ ಮಾರ್ಗಗಳನ್ನು ಪರಿಶೀಲಿಸಬಹುದು.

1. ಮೂರು ಬಗೆಯ ಉತ್ಪನ್ನಗಳ ಬದಲು ಒಂದರಿಂದಲೇ ಆರಂಭಿಸುವುದು. ಕ್ರೀಮು, ಮುಖಲೇಪ, ಸ್ನಾನದ ಚೂರ್ಣ ಇವುಗಳಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕವಾದ ಕನಿಷ್ಠ ಪ್ರಮಾಣವಿರುವುದರಿಂದ ಹೂಡಿಕೆಯು ಮೂರು ಪಟ್ಟಾಗುತ್ತದೆ.

2. ಸಿದ್ಧ ಸೂತ್ರವನ್ನೂ ಸಾದಾ ಟ್ಯೂಬನ್ನೂ ಆರಿಸಿಕೊಳ್ಳುವುದು.

3. ಮೊದಲ ತಂಡಕ್ಕೆ ಮಾತ್ರ ತುಸು ಹೆಚ್ಚಿನ ದರವನ್ನು ತೆತ್ತು ಕಡಿಮೆ ಸಂಖ್ಯೆಯನ್ನು ಕೇಳುವುದು. ಉದಾಹರಣೆಯಲ್ಲಿ ಕಂಡಂತೆ 47ರ ಬದಲು 62 ರೂಪಾಯಿ ತೆತ್ತರೂ ಅಪಾಯಕ್ಕೊಡ್ಡುವ ಹಣ 16,000 ರೂಪಾಯಿಯಷ್ಟು ಕಡಿಮೆಯಾಗುತ್ತದೆ.

4. ಎರಡು ಮೂರು ಗುಂಪುಗಳು ಸೇರಿ ಒಂದೇ ತಂಡದ ಕ್ರೀಮನ್ನು ತಯಾರಿಸಿಕೊಂಡು, ತಮ್ಮ ತಮ್ಮ ಚೀಟಿಗಳೊಡನೆ ಹಂಚಿಕೊಳ್ಳುವುದು. ಒಬ್ಬರು ಮೈಲಾರದಲ್ಲಿಯೂ ಇನ್ನೊಬ್ಬರು ಜೇಜುರಿಯಲ್ಲಿಯೂ ಮಾರುವವರಾದರೆ ಪರಸ್ಪರ ಪೈಪೋಟಿಯೂ ಇರುವುದಿಲ್ಲ.

5. ಬೇರೆ ಗಿರಾಕಿಗಾಗಿ ಅದೇ ಬಗೆಯ ಕ್ರೀಮು ತಯಾರಾಗುವ ದಿನಕ್ಕಾಗಿ ಕಾಯುವುದು. ಆಗ ಶುದ್ಧೀಕರಣದ ಖರ್ಚು ಹಂಚಿಹೋಗುತ್ತದೆ.

“ಎಲ್ಲವನ್ನೂ ಒಮ್ಮೆಗೇ ತಯಾರಿಸುತ್ತೇವೆ, ತಿಂಗಳಿಗೆ ಇಷ್ಟರಂತೆ ಕಳುಹಿಸುತ್ತೇವೆ” ಎಂಬ ಕೊಡುಗೆಯನ್ನು ಒಪ್ಪುವ ಮುನ್ನ ಯೋಚಿಸಬೇಕು. ಇದರಿಂದ ಸರಕನ್ನು ಇಡುವ ಜಾಗದ ತೊಂದರೆ ತಪ್ಪುತ್ತದೆ, ನಿಜ. ಆದರೆ ಬಾಳಿಕೆಯು ತಯಾರಿಕೆಯ ದಿನದಿಂದ ಎಣಿಕೆಯಾಗುವುದರಿಂದ ಕೊನೆಯ ಕಂತಿನ ಟ್ಯೂಬುಗಳು ಅರ್ಧ ಆಯುಸ್ಸನ್ನು ತಯಾರಕನ ಗೋದಾಮಿನಲ್ಲಿಯೇ ಕಳೆದು ಬರುತ್ತವೆ.

ಒಪ್ಪಂದದಲ್ಲಿ ಇರಬೇಕಾದ ಅಂಶಗಳು

ಬಾಯಿಮಾತಿನ ಒಪ್ಪಂದ ಸಾಲದು. ಕನಿಷ್ಠ ಪ್ರಮಾಣವು ಪ್ರತಿ ಬೇಡಿಕೆಗೋ ಇಡೀ ವರ್ಷಕ್ಕೋ. ಬೇಡಿಕೆಗಿಂತ ಹೆಚ್ಚು ಅಥವಾ ಕಡಿಮೆ ತಯಾರಾದರೆ ಶೇಕಡಾ ಎಷ್ಟರವರೆಗೆ ಒಪ್ಪಬೇಕು. ಸರಕು ಕೈಸೇರುವಾಗ ಕನಿಷ್ಠ ಎಷ್ಟು ತಿಂಗಳ ಬಾಳಿಕೆ ಉಳಿದಿರಬೇಕು. ಪ್ರತಿ ತಂಡದ ಪರೀಕ್ಷಾ ವರದಿಯನ್ನು ಯಾರು ಕೊಡಬೇಕು. ಮಾದರಿಯಂತೆ ಇಲ್ಲದ ಸರಕನ್ನು ತಿರಸ್ಕರಿಸುವ ಕ್ರಮವೇನು. ಉಳಿದ ಟ್ಯೂಬು ಪೆಟ್ಟಿಗೆಗಳು ಯಾರ ಸ್ವತ್ತು. ಸೂತ್ರವು ಯಾರಿಗೆ ಸೇರಿದ್ದು ಇವೆಲ್ಲವನ್ನೂ ಲಿಖಿತವಾಗಿ ಪಡೆಯಬೇಕು. ಹಣ ಪಾವತಿಯ ಗಡುವನ್ನೂ ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ತಯಾರಕನು ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, 2006ರ ಅಧಿನಿಯಮದಂತೆ ಒಪ್ಪಿದ ಗಡುವು 45 ದಿನಗಳನ್ನು ಮೀರುವಂತಿಲ್ಲ. ವಿಳಂಬಕ್ಕೆ ಬಡ್ಡಿ ತೆರಬೇಕಾಗುತ್ತದೆ. ಸರಕು ಮಾರಾಟವಾದ ಮೇಲೆ ಕೊಟ್ಟರಾಯಿತೆಂಬ ಭರವಸೆಯಲ್ಲಿ ದೊಡ್ಡ ಬೇಡಿಕೆಯನ್ನು ನೀಡುವಂತಿಲ್ಲ.

ಬಂಡವಾಳಕ್ಕಾಗಿ 2015ರಲ್ಲಿ ಆರಂಭಗೊಂಡ ಪ್ರಧಾನಮಂತ್ರಿ ಮುದ್ರಾ ಯೋಜನೆಯಡಿ ಬ್ಯಾಂಕುಗಳಿಂದ ಸಾಲ ಪಡೆಯಬಹುದು. ಇದರ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ದೊರೆಯುತ್ತದೆ. ನಮ್ಮ ಉದಾಹರಣೆಯ 500 ಅಥವಾ 1,000 ಟ್ಯೂಬುಗಳ ಬೇಡಿಕೆಯು ಈ ಮಿತಿಯೊಳಗೇ ಬರುವುದನ್ನು ಗಮನಿಸಬಹುದು. ಹೆಚ್ಚು ಸಾಲ ಸಿಗುತ್ತದೆಂಬುದು ಹೆಚ್ಚು ಸರಕು ಕೊಳ್ಳಲು ಕಾರಣವಾಗಬಾರದು. ಉದ್ಯಮ್ ನೋಂದಣಿಯು ಉಚಿತವಾಗಿದ್ದು, ಅದಕ್ಕಾಗಿ ಮಧ್ಯವರ್ತಿಗಳಿಗೆ ಹಣ ಕೊಡಬೇಕಾಗಿಲ್ಲ.

ಮೊದಲ ತಂಡವು ಮುಗಿಯುವ ಮುನ್ನವೇ ಅಂಗಡಿಯವರು ಮತ್ತೆ ಕೇಳತೊಡಗಿದರೆ ಎರಡನೆಯ ಬೇಡಿಕೆಯನ್ನು ಹೆಚ್ಚಿಸಬಹುದು. ಆಗ ಗುಂಪಿನ ಕೈಯಲ್ಲಿ ಊಹೆಯ ಬದಲು ನಿಜವಾದ ಮಾರಾಟದ ಲೆಕ್ಕವಿರುತ್ತದೆ. ಅದನ್ನು ಮುಂದಿಟ್ಟು ದರವನ್ನು ಇಳಿಸುವಂತೆ ತಯಾರಕನನ್ನು ಕೇಳುವ ಬಲವೂ ಇರುತ್ತದೆ. ಅಲ್ಲಿಯವರೆಗೆ, ಬಾಳಿಕೆಯ ತಿಂಗಳು, ತಿಂಗಳ ಮಾರಾಟ ಮತ್ತು ಅಸಲು ಬರುವ ಸಂಖ್ಯೆ ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದು, ಗುಂಪಿನ ಎಲ್ಲ ಸದಸ್ಯರಿಗೂ ಓದಿ ಹೇಳಿದ ನಂತರವೇ ಮುಂಗಡ ಹಣವನ್ನು ನೀಡುವುದು ಉಚಿತ.